ಮದೀನಾಕ್ಕೆ ಹೋದ ಶೇಂಗಾ ಉಂಡಿ

ಮೊನ್ನೆ ಸಂಜೆ ಹಿತ್ತಲ ಕಟ್ಟೆಯ ಮೇಲೆ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆ. ಬೆರಳೆಲ್ಲ ಉರಿಯುತ್ತಿದ್ದವು. ಆಗ ನಮ್ಮ ಮನೆಯವರು ಗಾದಿ ಅಂಗಡಿಯಿಂದ ಫೋನ್ ಮಾಡಿ, "ಚಾಂದ್ ಕಂಡೈತಂತ, ನಾಳಿಂದ ರೋಜಾ" ಎಂದರು. ಕತ್ತೆತ್ತಿ ನೋಡಿದರೆ ನೀರಿನ ಟಾಕಿಯ ಬದಿಗೆ, ಎಳೆ ಹುಣಸೆಕಾಯಿಯಂತೆ ಬಾಗಿ, ಚಂದ್ರ ತೆಳ್ಳಗೆ ನಿಂತಿದ್ದ. ಇನ್ನೊಂದು ರಂಜಾನಿನ ಉಪವಾಸ ತೋರಿಸಿದೆಯಲ್ಲ ಅಲ್ಲಾಹ್, ನಿನ್ನ ಕರುಣೆ ಎಂದೆ. ಹಾಗೆಯೇ ರೂಢಿಯ ಮೇಲೆ ಗೋಡೆಯ ಆಚೆಗೆ, "ದೊಡ್ಡವ್ವಾ, ಕಂಡೈತ್ರೀ!" ಎಂದು ಕೂಗಲು ಬಾಯಿ ತೆರೆದೆ. ಗೋಡೆಯ ಆಚೆ ಈಗ ಯಾರೂ ಇಲ್ಲ. ದೊಡ್ಡವ್ವ ತೀರಿಕೊಂಡ ಮೇಲೆ ಬಂದ ಮೊದಲ ರಂಜಾನ್ ಇದು.

ದೊಡ್ಡವ್ವನ ಬಲ ಮಣಿಕಟ್ಟು ಎಡದ್ದಕ್ಕಿಂತ ದಪ್ಪ ಇತ್ತು. ಬಳೆಗಾರ ಅವಳಿಗೆ ಎರಡು ಅಳತೆಯ ಬಳೆ ತೆಗೆಯಬೇಕಾಗುತ್ತಿತ್ತು. "ಈ ಕೈ ಯಾರದವ್ವ, ಆ ಕೈ ಯಾರದವ್ವ" ಎಂದು ಅವನು ನಗುತ್ತಿದ್ದ. ಆ ದಪ್ಪ ಸೌಟಿನಿಂದ ಬಂದದ್ದು. ಸಿಂದಗಿಯ ನಮ್ಮ ಓಣಿಯಲ್ಲಿ ಯಾವ ಜಾತಿಯವರ ಮನೆಯ ಮದುವೆಯಿರಲಿ, ತೊಟ್ಟಿಲಿರಲಿ, ಕೊಪ್ಪರಿಗೆಯ ಪಕ್ಕ ಸೌಟು ಹಿಡಿದು ನಿಲ್ಲುವವಳು ಅವಳೇ. ಅಡಿಗೆ ಬೇರೆಯವರು ಮಾಡಲಿ. ಬಡಿಸುವ ಹೊತ್ತಿಗೆ ಸೌಟು ತಾನಾಗಿ ಅವಳ ಕೈಗೆ ಬರುತ್ತಿತ್ತು.

ಅವಳು ನಮ್ಮವರ ದೊಡ್ಡಪ್ಪನ ಹೆಂಡತಿ. ಅವರಿಗೆ ದೊಡ್ಡವ್ವ, ಮುದ್ದೇಬಿಹಾಳದಿಂದ ಸೊಸೆಯಾಗಿ ಬಂದ ನನಗೂ ದೊಡ್ಡವ್ವ, ಕಡೆಗೆ ಓಣಿಗೆಲ್ಲ ದೊಡ್ಡವ್ವ. ಮಕ್ಕಳಿರಲಿಲ್ಲ. ದೊಡ್ಡಪ್ಪ ಹೋದ ಮೇಲೂ ಪಕ್ಕದ ಮನೆಯಲ್ಲೇ ಇದ್ದಳು, ಆದರೆ ಅವಳದೂ ನಮ್ಮದೂ ಒಲೆ ಒಂದೇ. ನಾನು ಹೊಸ ಸೊಸೆಯಾಗಿ ಮೊದಲ ಸಲ ಪಂಕ್ತಿಯಲ್ಲಿ ತಲೆ ತಗ್ಗಿಸಿ ಕೂತಾಗ, ಏನನ್ನೂ ಕೇಳದೆ ನನ್ನ ತಾಟಿನಲ್ಲಿ ಮೊದಲು ಮಾಂಸದ ತುಂಡು ಹಾಕಿ, ಅದು ಕಾಣದ ಹಾಗೆ ಮೇಲೆ ಅನ್ನ ಮುಚ್ಚಿದಳು. ಕಿವಿಯ ಹತ್ತಿರ ಬಾಗಿ, "ಮ್ಯಾಲೆ ನಾಚಿಕಿ ಇರ್ಲಿ, ಕೆಳಗ ಹೊಟ್ಟಿ ತುಂಬ್ಲಿ" ಎಂದಳು. ಅಂದೇ ನಾನು ಅವಳ ಮಗಳಾದೆ.

ಕೂತವರ ಮುಖ ನೋಡಿ ಸೌಟು ತುಂಬಿಸುವವಳು. "ಹಸದಾವರ ಹೆಸರ ಕೇಳಬಾರ್ದು" ಎನ್ನುವುದು ಅವಳ ಮಾತು. ಕರೆಯದೆ ಬಂದು ಕೂತವರಿಗೂ ಕರೆದವರಿಗಿಂತ ಒಂದು ಹನಿ ಹೆಚ್ಚೇ ಬೀಳುತ್ತಿತ್ತು. ತಾನು ಮಾತ್ರ ಎಲ್ಲರೂ ಎದ್ದ ಮೇಲೆ, ಕೊಪ್ಪರಿಗೆಯ ತಳ ಕೆರೆದು, ಹೊತ್ತಿದ್ದನ್ನು ಅಂಗೈಯಲ್ಲಿ ಹಿಡಿದು ನಿಂತೇ ತಿನ್ನುತ್ತಿದ್ದಳು. "ಇದರಾಗ ಇರೂ ರುಚಿ ನಿಮಗೇನ ಗೊತ್ತೈತಿ" ಎಂದು ನಮಗೇ ಜಬರಿಸುತ್ತಿದ್ದಳು.

ದೊಡ್ಡವ್ವನ ತವರು ಕೊಲ್ಹಾರ. ಈಗಿನ ಊರಲ್ಲ, ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಕೊಲ್ಹಾರ. ಊರಿನ ಜನ ಎತ್ತರಕ್ಕೆ ಬಂದರು, ಗೋರಿಗಳು ಕೆಳಗೇ ಉಳಿದವು. ಅವಳ ತಾಯಿಯ ಗೋರಿಯೂ ಆ ನೀರಿನಲ್ಲಿದೆ. ಸೇತುವೆಯ ಮೇಲೆ ಬಸ್ಸು ಹೋಗುವಾಗ ದೊಡ್ಡವ್ವ ಕಿಟಕಿಯಿಂದ ನೀರಿನ ಕಡೆಗೆ ಕೈಯೆತ್ತಿ ಫಾತಿಹಾ ಓದುತ್ತಿದ್ದಳು. ಪಕ್ಕದವರು ಯಾರಿಗೆ ಟಾಟಾ ಮಾಡುತ್ತಿದ್ದಾಳೆಂದು ಹೊರಗೆ ಇಣುಕುತ್ತಿದ್ದರು. ತಾಯಿಗೊಂದು ಆಸೆಯಿತ್ತಂತೆ: ರೋಜಾ ಹಿಡಿದ ಯಾರಿಗಾದರೂ ಮದೀನಾದಲ್ಲಿ ತನ್ನ ಕೈಯಾರೆ ಒಂದು ತುತ್ತು ಉಣಿಸಬೇಕು ಎಂದು. ಆಕೆ ವಿಜಾಪುರವನ್ನೂ ಸರಿಯಾಗಿ ಕಂಡವಳಲ್ಲ. ಆಸೆ ಮಗಳಿಗೆ ಬಂತು.

ಕೆಲವು ವರ್ಷಗಳ ಹಿಂದೆ ನಾನು, ನಮ್ಮ ಮನೆಯವರು, ದೊಡ್ಡವ್ವ ಮೂವರು ರಂಜಾನಿನಲ್ಲಿ ಉಮ್ರಾಕ್ಕೆ ಹೋಗುವುದೆಂದಾಯಿತು. ಉಮ್ರಾ ಎಂದರೆ ಹಜ್‌ಗಿಂತ ಸಣ್ಣ ಯಾತ್ರೆ, ವರ್ಷದಲ್ಲಿ ಯಾವಾಗ ಬೇಕಾದರೂ ಮಾಡಬಹುದು. ದೊಡ್ಡವ್ವ ಬಟ್ಟೆ ಕಟ್ಟುವ ಮೊದಲೇ ಶೇಂಗಾ ಹುರಿದಳು. ಬೆಲ್ಲ ಕೂಡಿಸಿ, ಏಲಕ್ಕಿ ಕುಟ್ಟಿ ಹಾಕಿ ಉಂಡಿ ಕಟ್ಟಿದಳು.

"ದೊಡ್ಡವ್ವಾ, ಅಲ್ಲಿ ಊಟಕ್ಕೇನು ಕಡಿಮಿ ಐತೇನ್ರಿ?" ಎಂದೆ.

"ನಾ ಉಣ್ಣಾಕ ಹೊಂಟಿಲ್ಲ ಯವ್ವಾ, ಉಣಸಾಕ ಹೊಂಟೇನಿ. ಒಬ್ಬರಿಗರೆ ನನ್ನ ಕೈಲೆ ರೋಜಾ ಬಿಡಿಸಬೇಕು. ನಮ್ಮವ್ವನ ಗೋರಿಗೆ ಒಂದು ಹೂ ಹಾಕಾಕ ಆಗಲಿಲ್ಲ. ಇಷ್ಟರೆ ಮುಟ್ಟಸ್ತೇನಿ."

ಮಕ್ಕಾದಲ್ಲಿ ಉಮ್ರಾ ಮುಗಿಸಿ ಮದೀನಾಕ್ಕೆ ಬಂದೆವು. ದೊಡ್ಡವ್ವನ ಮೊಣಕಾಲು ತಡೆದವು, ನನ್ನ ತಲೆನೋವು ಬರಲಿಲ್ಲ, ವಸತಿಗೃಹದ ಕೆಳಗೇ ನಲ್ಲಿ ಇತ್ತು. ಒಂದೊಂದಕ್ಕೂ ಅಲ್ಲಾಹನಿಗೆ ಶುಕರ್ ಹೇಳಿದೆ. ನಮ್ಮ ಗುಂಪಿನಲ್ಲಿ ಇಂಡಿ ತಾಲೂಕಿನ ಶಾಲೆಯ ಶಿಕ್ಷಕಿಯೊಬ್ಬರಿದ್ದರು. ಅವರನ್ನು ನಾವು ಅಕ್ಕೋರು ಎನ್ನುತ್ತಿದ್ದೆವು. ಅವರಿಗೆ ಉರ್ದು ಚೆನ್ನಾಗಿ ಬರುತ್ತಿತ್ತು. ನಮ್ಮ ಮನೆಯವರು ಗಂಡಸರ ಕಡೆ ಹೋದರೆ, ನಾವು ಮೂವರು ಹೆಂಗಸರು ಜೊತೆಗೆ.

ಆ ಶಹರದ ಜನರ ರೀತಿ ಮೊದಲ ದಿನವೇ ದೊಡ್ಡವ್ವನನ್ನು ಬೆಪ್ಪು ಮಾಡಿತು. ರಸ್ತೆ ದಾಟಬೇಕೆಂದು ಅಂಚಿಗೆ ನಿಂತಿದ್ದೆವು. ಓಡಿ ಬರುತ್ತಿದ್ದ ಕಾರು ನಮ್ಮೆದುರು ನಿಂತುಬಿಟ್ಟಿತು. ದೊಡ್ಡವ್ವ ನನ್ನ ಕೈ ಹಿಡಿದು ಹಿಂದಕ್ಕೆ ಎಳೆದಳು.

"ತಡಿ ತಂಗಿ. ಪಾಪ, ಅವನ ಗಾಡಿ ಕೆಟ್ಟೈತಿ."

"ಕೆಟ್ಟಿಲ್ಲ ದೊಡ್ಡವ್ವಾ, ನಿಮಗ ದಾಟಾಕ ನಿಲ್ಲಿಸ್ಯಾನ" ಎಂದರು ಅಕ್ಕೋರು.

"ನನಗ? ನಾ ಅವನಿಗೆ ಏನಾಗಬೇಕು?"

ಕಾರಿನವನು ಎದೆಯ ಮೇಲೆ ಅಂಗೈ ಇಟ್ಟು ತಲೆ ಬಾಗಿಸಿ, ಮುಂದೆ ಹೋಗಿ ಎಂದು ಸನ್ನೆ ಮಾಡಿದ. ದೊಡ್ಡವ್ವ ಅರ್ಧ ರಸ್ತೆಯಲ್ಲಿ ನಿಂತು ಅವನಿಗೂ, ಅವನ ಮಕ್ಕಳಿಗೂ, ಆ ಗಾಡಿಗೂ ದುವಾ ಮಾಡತೊಡಗಿದಳು. ಹಿಂದೆ ಸಾಲುಗಟ್ಟಿದ ಗಾಡಿಗಳಲ್ಲಿ ಒಂದೂ ಹಾರ್ನ್ ಹೊಡೆಯಲಿಲ್ಲ. ನಮ್ಮ ಬಸವನ ಬಾಗೇವಾಡಿ ನಾಕಾದಲ್ಲಾದರೆ ಅಷ್ಟು ಹೊತ್ತಿಗೆ ಅವಳ ಕುಲಗೋತ್ರವೆಲ್ಲ ಹೊರಗೆ ಬರುತ್ತಿತ್ತು.

ಸಂಜೆ ಪೈಗಂಬರರ ಮಸೀದಿಯ ಅಂಗಳಕ್ಕೆ ಹೋದೆವು. ದೊಡ್ಡ ದೊಡ್ಡ ಕೊಡೆಗಳ ಕೆಳಗೆ ಆ ಊರಿನ ಮನೆತನಗಳವರು ಉದ್ದುದ್ದ ಹಾಳೆ ಹಾಸಿ, ರೋಜಾ ಬಿಡುವವರಿಗೆಂದು ಖರ್ಜೂರ, ಮೊಸರು, ರೊಟ್ಟಿ ಇಡುತ್ತಿದ್ದರು. ದೊಡ್ಡವ್ವನಿಗೆ ಖುಷಿಯೋ ಖುಷಿ. ಬಡಿಸುವ ಜಾಗ ಕಂಡಿತಲ್ಲ! ಒಂದು ಕಡೆ ತನ್ನ ಟಾವೆಲ್ ಹಾಸಿ, ಸೆರಗಿನ ಗಂಟು ಬಿಚ್ಚಿ ಉಂಡಿಗಳನ್ನು ಸಾಲಾಗಿ ಇಟ್ಟು, ಹೋಗಿ ಬರುವ ಹೆಂಗಸರನ್ನೆಲ್ಲ ಸಿಂದಗಿಯ ದನಿಯಲ್ಲಿ, "ಬರ್ರೀ, ಬರ್ರೀ, ಕುಂದರ್ರೀ" ಎಂದು ಕರೆಯತೊಡಗಿದಳು.

ಬಂದವಳು ಒಬ್ಬಳೇ. ಎತ್ತರದ ಹೆಂಗಸು, ವಯಸ್ಸಿನಲ್ಲಿ ದೊಡ್ಡವ್ವನ ಸರೀಕಳು, ದಪ್ಪ ಕನ್ನಡಕ, ಕೈಯಲ್ಲಿ ಕಾಫಿಯ ಹೂಜಿ. ದೊಡ್ಡವ್ವನ ಆ ದಪ್ಪ ಮಣಿಕಟ್ಟನ್ನು ಹಿಡಿದು ಏನೋ ಅರಬ್ಬಿಯಲ್ಲಿ ಹೇಳುತ್ತ ನಡೆಸಿಕೊಂಡು ಹೋಗಿ ತನ್ನ ಹಾಳೆಯ ಮುಂದೆ ಕೂರಿಸಿಬಿಟ್ಟಳು. ನಾನು ಟಾವೆಲ್, ಉಂಡಿ ಬಾಚಿಕೊಂಡು ಹಿಂದೆ ಓಡಿದೆ. ಅಂಗಡಿ ತೆರೆಯುವ ಮುಂಚೆ ಅಂಗಡಿಯವಳನ್ನೇ ಗಿರಾಕಿ ಮಾಡಿ ಎಳೆದೊಯ್ದ ಹಾಗಾಯಿತು.

ಬಾಂಗ್ ಆಯಿತು. ಸಂಜೆಯ ನಮಾಜಿನ ಆ ಕರೆ ಕೇಳಿ ರೋಜಾ ಬಿಟ್ಟೆವು. ಮೊಸರಿನ ಮೇಲೆ ಉದುರಿಸಲು ನಮ್ಮ ಹಿಂಡಿಯಂಥ ಖಾರದ ಪುಡಿ ಕೊಟ್ಟರು. ದೊಡ್ಡವ್ವ ನಾಲಗೆಗೆ ಹಚ್ಚಿ, "ಹಿಂಡಿ ಚೊಲೊ ಐತಿ. ಮೊಸರು ಮಾತ್ರ ನಮ್ಮ ಕೊಲ್ಹಾರ ಮೊಸರಿನ ಮುಂದ ಮಜ್ಜಿಗಿ" ಎಂದು ತೀರ್ಪು ಕೊಟ್ಟಳು. ಆಮೇಲೆ ಬಂತು ಕಾಫಿ. ಕಿವಿಯಿಲ್ಲದ ಪುಟ್ಟ ಬಟ್ಟಲು, ಒಳಗೆ ಅರಿಷಿಣದ ನೀರಿನ ಬಣ್ಣ, ಏಲಕ್ಕಿಯ ವಾಸನೆ, ಕಷಾಯದ ಕಹಿ. ಕೊಟ್ಟದ್ದನ್ನು ಬಿಡುವುದು ನಮ್ಮಲ್ಲಿ ಮನೆಯವರಿಗೆ ಅವಮಾನ. ದೊಡ್ಡವ್ವ ಗಟಗಟ ಮುಗಿಸಿ ಬಟ್ಟಲು ಚಾಚಿದಳು. ಆ ಹೆಂಗಸು ಮತ್ತೆ ತುಂಬಿದಳು. ಮುಗಿಸಿದಳು, ತುಂಬಿದಳು. ಇಬ್ಬರೂ ನಗುನಗುತ್ತಲೇ ಇದ್ದರು, ಇಬ್ಬರೂ ಸೋಲಲೊಲ್ಲರು.

"ಸಾಕ್ ಅನ್ನೂದು ಹೆಂಗವ್ವ ಇವರಿಗೆ?" ದೊಡ್ಡವ್ವ ನಗು ಬಿಡದೆ, ಹಲ್ಲಿನ ಸಂದಿಯಿಂದ ಕೇಳಿದಳು. "ಹೊಟ್ಟ್ಯಾಗ ಹೊಳಿ ಬಂದೈತಿ. ಇನ್ನೊಂದು ಹಾಕಿದ್ರ ಆಲಮಟ್ಟಿ ಗೇಟ್ ತಗೀಬೇಕಾಗತೈತಿ."

ಪಕ್ಕದ ಹೆಂಗಸು ಖಾಲಿ ಬಟ್ಟಲನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ಕೊಟ್ಟದ್ದನ್ನು ಅಕ್ಕೋರು ನೋಡಿದರು. ಅಲ್ಲಾಡಿಸಿದರೆ ಸಾಕೆಂದು ಅರ್ಥ. ಸುಮ್ಮನೆ ಕೊಟ್ಟರೆ ಇನ್ನೂ ಬೇಕೆಂದು. ದೊಡ್ಡವ್ವ ಬಟ್ಟಲನ್ನು ಗಿಲಕಿಯ ಹಾಗೆ ಅಲ್ಲಾಡಿಸಿದಳು. ಆ ಸಾಲಿನ ಹೆಂಗಸರೆಲ್ಲ ನಕ್ಕರು, ಅವಳೂ ನಕ್ಕಳು. ಅಷ್ಟರಲ್ಲಿ ಹಾಳೆ ಸುತ್ತಿ, ನೆಲ ಒರೆಸಿ, ನಮಾಜಿಗೆ ಜಾಗ ಚೊಕ್ಕಟ ಮಾಡಿಯೂ ಆಗಿತ್ತು. "ನಮ್ಮ ಕಡೆ ಉಂಡ ತಾಟು ಎತ್ತೂದ್ರಾಗ ಮದುಮಗಗ ಮಗಾ ಹುಟ್ಟಿರ್ತಾನ" ಎಂದು ದೊಡ್ಡವ್ವ ತಲೆದೂಗಿದಳು.

ಆದರೆ ಉಂಡಿ ಗಂಟಿನಲ್ಲೇ ಉಳಿಯಿತು.

ಮಾರನೆಯ ದಿನ ಜಾಗ ಬದಲಿಸಿದೆವು, ಅದರ ಮಾರನೆಯ ದಿನ ಬಾಗಿಲು ಬದಲಿಸಿದೆವು. ಎಲ್ಲಿ ಹೋದರೂ ಯಾರಾದರೂ ಬಂದು ತೋಳು ಹಿಡಿಯುತ್ತಿದ್ದರು. ಉಂಡಿ ಮುಂದೆ ಹಿಡಿದರೆ ಎದೆಯ ಮೇಲೆ ಅಂಗೈ ಇಟ್ಟು ತಲೆ ಬಾಗಿಸುತ್ತಿದ್ದರು. ಬೇಡ ಎನ್ನುವುದೂ ಎಷ್ಟು ಚೆಂದ! ನಮ್ಮಲ್ಲಿ ಬೇಡ ಎಂದರೆ ಬೇಡ ಎಂದಲ್ಲ. ದೊಡ್ಡವ್ವನೇ ಹೇಳುತ್ತಿದ್ದಳು, "ಮೊದಲ್ನೇ ಬ್ಯಾಡ ಮರ್ಯಾದಿಗೆ, ಎರಡ್ನೇ ಬ್ಯಾಡ ನಾಚಿಕಿಗೆ, ಮೂರನೇ ಸಲಕ್ಕ ತಾಟು ಮುಂದ ಬರತೈತಿ." ಅದೇ ಲೆಕ್ಕದಲ್ಲಿ ಅವಳು ಮೂರು ಸಲ ಒತ್ತಾಯ ಮಾಡಿದಳು. ಮೂರನೆಯ ಸಲಕ್ಕೆ ಅವರು ಇವಳ ಉಡಿಯಲ್ಲೇ ಬೊಗಸೆ ಖರ್ಜೂರ ಸುರಿದರು. ಕೊಡಲು ಹೋದವಳು ದಿನವೂ ಉಡಿ ತುಂಬಿಕೊಂಡು ಬರುವಳು. ಕೋಣೆಯಲ್ಲಿ ಖರ್ಜೂರದ ರಾಶಿ ಬೆಳೆಯಿತು.

ಅಕ್ಕೋರು ಚೇಷ್ಟೆ ಮಾಡಿದರು. "ದೊಡ್ಡವ್ವಾ, ನೀವು ಯಾತ್ರಾಕ್ಕ ಬಂದೀರೋ, ಸುಗ್ಗಿ ಮಾಡಾಕ ಬಂದೀರೋ?"

ದೊಡ್ಡವ್ವ ನಗಲಿಲ್ಲ. ಅದು ನನಗೆ ಹೊಸದು.

ನಾವು ಮತ್ತೆ ಆ ಎತ್ತರದ ಹೆಂಗಸಿನ ಹಾಳೆಗೇ ಮರಳಿದೆವು. ಅವಳ ಸೊಸೆಗೆ ಉರ್ದು ಬರುತ್ತಿತ್ತು. ಅಕ್ಕೋರು ಆಕೆಗೆ ವಿಷಯ ಹೇಳಿದರು: ಈ ತಾಯಿಗೆ ಒಬ್ಬರಿಗಾದರೂ ಉಣಿಸಬೇಕಾಗಿದೆ, ಯಾಕೆ ಯಾರೂ ತೆಗೆದುಕೊಳ್ಳುತ್ತಿಲ್ಲ? ಸೊಸೆ ಹೇಳಿದ್ದನ್ನು ಅಕ್ಕೋರು ಕನ್ನಡಕ್ಕೆ ತಂದರು. "ನೀವು ಪೈಗಂಬರರ ಮನಿಗೆ ಬಂದ ಅತಿಥಿಗಳು, ಬೀಗರಂತ. ಬೀಗರ ಕೈಯಿಂದ ತಗೊಂಡು ಉಂಡ್ರ ಊರಿನವರ ಮರ್ಯಾದಿ ಉಳೀತೈತೇನು ಅಂತಾರ್ರಿ."

ದೊಡ್ಡವ್ವ ಉಂಡಿಯ ಗಂಟನ್ನು ಮತ್ತೆ ಕಟ್ಟಿದಳು. "ಖರೇ ಐತಿ. ನಮ್ಮ ಮನಿಗೆ ಬಂದ ಬೀಗರು ಬುತ್ತಿ ಬಿಚ್ಚಿದ್ರ ನಾ ಸುಮ್ಮಕಿರ್ತಿದ್ನೇನು?" ಎಂದಳು. ಮತ್ತೆ ಮೆಲ್ಲಗೆ, "ಹಂಗಾದ್ರ ನಮ್ಮವ್ವಗ ಏನಂತ ಹೇಳ್ಲಿ?" ಎಂದಳು.

ಕಡೆಯ ಸಂಜೆ ಬಂತು. ಮರುದಿನ ಬೆಳಗಿಗೆ ವಿಮಾನ. ಗಂಟಿನಲ್ಲಿ ಉಂಡಿಗಳು ಪುಡಿಯಾಗಿ ಎರಡು ಮಾತ್ರ ಗಟ್ಟಿ ಉಳಿದಿದ್ದವು. ದೊಡ್ಡವ್ವ ಅದೇ ಹೆಂಗಸಿನ ಹಾಳೆಯ ಮುಂದೆ ಕೂತಳು. ಅಂದು ಜನ ಬಹಳ. ಆ ಹೆಂಗಸು ಈ ತುದಿಯಿಂದ ಆ ತುದಿಗೆ ಓಡಾಡುತ್ತ ಖರ್ಜೂರ ಹಂಚುತ್ತಿದ್ದಳು, ಮೊಸರು ಸರಿಸುತ್ತಿದ್ದಳು, ತಡವಾಗಿ ಬಂದವರಿಗೆ ಜಾಗ ಮಾಡುತ್ತಿದ್ದಳು. ಎಲ್ಲರ ಕಣ್ಣು ಮುಂದಿನ ಖರ್ಜೂರದ ಮೇಲೆ. ದೊಡ್ಡವ್ವನ ಕಣ್ಣು ಮಾತ್ರ ಅವಳ ಮೇಲೆ.

ಬಾಂಗ್ ಆಯಿತು. ಆ ಅಂಗಳದ ಬಾಯಿಗಳೆಲ್ಲ ಒಮ್ಮೆಲೇ ಸುಮ್ಮನಾದವು. ನಾನು ಖರ್ಜೂರ ಬಾಯಿಗಿಟ್ಟು ಪಕ್ಕಕ್ಕೆ ನೋಡಿದೆ. ದೊಡ್ಡವ್ವ ತನ್ನ ಪಾಲಿನದನ್ನು ಮುಟ್ಟಿರಲಿಲ್ಲ.

"ದೊಡ್ಡವ್ವಾ, ಬಾಂಗ್ ಆತ್ರಿ. ರೋಜಾ ಬಿಡ್ರಿ."

"ತಡಿ. ಬಡಿಸಾಕಿ ಇನ್ನಾ ಬಾಯಾಗ ಏನೂ ಹಾಕಿಲ್ಲ."

ಆಗ ನಾನೂ ನೋಡಿದೆ. ಆ ಹೆಂಗಸು ಓಡೋಡಿ ಬಂದ ಯಾರೋ ಇಬ್ಬರಿಗೆ ತನ್ನ ಕೈಯಲ್ಲಿದ್ದ ಖರ್ಜೂರ ಕೊಟ್ಟು, ಬರಿಗೈಯಲ್ಲಿ ಹೂಜಿ ಎತ್ತಿಕೊಳ್ಳುತ್ತಿದ್ದಳು. ಇಷ್ಟು ಜನರಿಗೆ ದಿನವೂ ರೋಜಾ ಬಿಡಿಸುವವಳು ತಾನು ಯಾವಾಗ ಬಿಡುತ್ತಾಳೆಂದು ಆ ಸಾಲಿನಲ್ಲಿ ಯಾರೂ ನೋಡಿರಲಿಲ್ಲ. ನಮ್ಮ ಓಣಿಯ ಪಂಕ್ತಿಗಳಲ್ಲಿ ನಾವಾದರೂ ಎಂದು ನೋಡಿದ್ದೆವು?

ದೊಡ್ಡವ್ವ ನನ್ನ ಹೆಗಲು ಊರಿ ಎದ್ದಳು. ಗಂಟು ಬಿಚ್ಚಿ ಗಟ್ಟಿ ಉಂಡಿಯೊಂದನ್ನು ತೆಗೆದಳು. ಅವಳ ಮುಂದೆ ಹೋಗಿ ನಿಂತಾಗ ಆ ಹೆಂಗಸು ಎಂದಿನಂತೆ ಎದೆಯ ಮೇಲೆ ಕೈ ಇಟ್ಟು ತಲೆ ಬಾಗಿಸಿದಳು. ಬಾಗಿಸಿದ ತಲೆಯನ್ನು ದೊಡ್ಡವ್ವ ಎಡಗೈಯಿಂದ ಮೆಲ್ಲಗೆ ಎತ್ತಿ, "ನಾ ಬೀಗತಿ ಅಲ್ಲ ಯವ್ವಾ. ನಾನೂ ಬಡಿಸಾಕೀನ. ತಗೋ" ಎಂದಳು.

ಅಕ್ಕೋರು ಅದನ್ನು ಉರ್ದುವಿಗೆ ತರಲು ಬಾಯಿ ತೆರೆದರು. ಬೇಕಾಗಲಿಲ್ಲ. ಆ ಹೆಂಗಸು ದೊಡ್ಡವ್ವನ ಮುಖವನ್ನು ನೋಡಿದಳು, ಮುಂದೆ ಚಾಚಿದ ಕೈಯನ್ನು ನೋಡಿದಳು, ಬಾಯಿ ತೆರೆದಳು. ದೊಡ್ಡವ್ವ ಉಂಡಿಯನ್ನು ಮುರಿದು ಅರ್ಧ ಇಟ್ಟಳು. ಅವಳು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತ ಅಗಿದಳು. ಆಮೇಲೆ ಉಳಿದ ಅರ್ಧವನ್ನು ದೊಡ್ಡವ್ವನ ಕೈಯಿಂದ ಕಸಿದುಕೊಂಡು ದೊಡ್ಡವ್ವನ ಬಾಯಿಗೇ ತುರುಕಿದಳು. ಹೂಜಿಯನ್ನು ಸೊಸೆಯ ಕೈಗೆ ಕೊಟ್ಟು, ಇಬ್ಬರೂ ಅಲ್ಲೇ, ಎಲ್ಲರ ನಡುವೆ, ಕಾಲು ಮಡಿಸಿ ಕೂತುಬಿಟ್ಟರು. ಬಾಯಿ ತುಂಬ ಶೇಂಗಾ. ಮಾತಾಡಲಿಕ್ಕೆ ಇಬ್ಬರಿಗೂ ಆಗಲಿಲ್ಲ, ಆದರೂ ಇಬ್ಬರೂ ಮಾತಾಡುತ್ತಲೇ ಇದ್ದರು. ಒಬ್ಬಳದು ಅರಬ್ಬಿ, ಒಬ್ಬಳದು ಕೊಲ್ಹಾರದ ಕನ್ನಡ. ಅಂದು ಸೊಸೆ ಇಬ್ಬರಿಗೂ ಬಡಿಸಿದಳು.

ವಸತಿಗೃಹಕ್ಕೆ ಮರಳುವಾಗ ದೊಡ್ಡವ್ವ ನನ್ನ ತೋಳಿಗೆ ತೋಳು ಹಾಕಿ ನಡೆದಳು. "ಮುಟ್ಟಿತು" ಎಂದಳು.

ಊರಿಗೆ ಬಂದ ಮೇಲೆ ದೊಡ್ಡವ್ವ ಎರಡು ರೂಢಿ ತಂದಳು. ಒಂದು, ಚಹಾದ ಬಟ್ಟಲು ಅಲ್ಲಾಡಿಸುವುದು. ಸಿಂದಗಿಯಲ್ಲಿ ಅದು ಯಾರಿಗೂ ತಿಳಿಯದೆ, ಕೈಗ್ಯಾಕೆ ನಡುಕ ಬಂತು ದೊಡ್ಡವ್ವಾ ಎಂದು ಜನ ಗಾಬರಿಯಾದರು. ಇನ್ನೊಂದು ಉಳಿಯಿತು. ಓಣಿಯ ಮುಂದಿನ ಮದುವೆಯಲ್ಲಿ ಪಂಕ್ತಿ ಕೂತಾಗ, ಸೌಟು ಮುಟ್ಟುವ ಮೊದಲು ಅವಳು ಬಡಿಸುವ ಹೆಣ್ಣುಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಬಾಯಿಗೂ ಒಂದು ತುತ್ತು ಇಟ್ಟಳು. ಹಿರಿಯರೊಬ್ಬರು, "ಇದೇನಬೇ, ಕುಂತಾವರಿಗಿಂತ ಮೊದಲ ನಿಂತಾವರಿಗೆ?" ಎಂದು ಕೆಣಕಿದರು. "ನೀ ಕುಂತೀದಿ, ಎಲ್ಲಿಗೂ ಓಡಿ ಹೋಗಾವಲ್ಲ. ಸುಮ್ಮ ಕುಂದರು" ಎಂದಳು. ಈಗ ನಮ್ಮ ಓಣಿಯಲ್ಲಿ ಅದೇ ಪದ್ಧತಿ. ಎಲ್ಲಿಂದ ಬಂತೆಂದು ಹೊಸ ಸೊಸೆಯರಿಗೆ ಗೊತ್ತಿಲ್ಲ.

ನನ್ನ ಋಣ ಬೇರೆ. ಮದುವೆಯಾದಾಗಿನಿಂದ ನಾನೂ ಎಲ್ಲರ ನಂತರ ಉಣ್ಣುವವಳು. ಅದನ್ನು ದುಃಖವೆಂದು ಎಣಿಸಿದವಳಲ್ಲ. ಆದರೆ ಮದೀನಾದಿಂದ ಬಂದ ಮೇಲೆ ದೊಡ್ಡವ್ವ ದಿನವೂ ನಾನು ರೊಟ್ಟಿ ಬಡಿಯುವ ಹೊತ್ತಿಗೆ ಬಂದು ಒಲೆಯ ಪಕ್ಕ ಕೂತು, ಮೊದಲ ರೊಟ್ಟಿ ಹಂಚಿನಿಂದ ಇಳಿದ ಕೂಡಲೇ ಒಂದು ಚೂರು ಮುರಿದು ಎಣ್ಣೆ, ಹಿಂಡಿ ಹಚ್ಚಿ ನನ್ನ ಬಾಯಿಗೆ ಇಡುತ್ತಿದ್ದಳು. ಎರಡೂ ಕೈ ಹಿಟ್ಟು, ಬೇಡ ಎನ್ನಲೂ ಬರುವಂತಿಲ್ಲ. ಬಿಸಿಗೆ ಬಾಯಿ ಸುಡುತ್ತಿತ್ತು. ಅಷ್ಟು ರುಚಿಯ ರೊಟ್ಟಿ ನಾನು ತಿಂದಿಲ್ಲ. ನನ್ನ ಹಸಿವು ಇನ್ನೊಬ್ಬರ ಕಣ್ಣಿಗೆ ಬೀಳಬಹುದೆಂದು ನನಗೆ ತೋರಿಸಿದವಳು ಅವಳು.

ಹೋದ ವರ್ಷ ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ, ಮಧ್ಯಾಹ್ನದ ನಮಾಜು ಮುಗಿಸಿ ಗೋಡೆಗೆ ಒರಗಿದವಳು ಹಾಗೇ ಹೋದಳು. ನೋವಿಲ್ಲ, ನರಳಲಿಲ್ಲ, ಯಾರ ಕೈಯಲ್ಲೂ ಮಾಡಿಸಿಕೊಳ್ಳಲಿಲ್ಲ. ಗೋರಿ ಊರ ಅಂಚಿನಲ್ಲೇ ಇದೆ, ಬೇಕೆಂದಾಗ ನಡೆದು ಹೋಗಿ ಬರುತ್ತೇನೆ. ಇವೆಲ್ಲ ಸಣ್ಣ ಕರುಣೆಗಳಲ್ಲ.

ಮೊನ್ನೆ ಮೆಣಸಿನಕಾಯಿಯನ್ನು ಅಲ್ಲಿಗೇ ಬಿಟ್ಟು ಕೈ ತೊಳೆದು ಒಳಗೆ ಹೋದೆ. ಮರುದಿನದ ಇಫ್ತಾರಿಗೆ ಕಡಲೆ ನೆನೆಹಾಕಬೇಕಾಗಿತ್ತು. ನಮ್ಮ ಹೆಣ್ಣುಮಕ್ಕಳು ಗಂಡನ ಮನೆಯಲ್ಲಿದ್ದಾರೆ. ಇರುವವರು ನಾವಿಬ್ಬರೇ, ಇಬ್ಬರಿಗಾಗುವಷ್ಟು ಅಳೆದು ಹಾಕಿದೆ. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು ಇನ್ನಷ್ಟು ಸುರಿದೆ. ಯಾರು ಬರುತ್ತಾರೋ ಗೊತ್ತಿರಲಿಲ್ಲ. ನಾಳೆ ಹೊತ್ತು ಮುಳುಗುವುದರೊಳಗೆ ಓಣಿಗೆ ಹೋಗಿ ಯಾರದಾದರೂ ತೋಳು ಹಿಡಿದು ತಂದರಾಯಿತು ಎಂದುಕೊಂಡು, ಕಡಲೆ ಮುಳುಗುವ ತನಕ ನೀರು ಹಾಕಿದೆ.